ಅನಾಥ ಮಕ್ಕಳ ಹಂಡೆ ಮತ್ತು ಎರಡು ವಾರದ ಸೇವಕರು

ಪರದೇಶದ ಅನಾಥ ಮಕ್ಕಳ ಕೇಂದ್ರವೊಂದರಲ್ಲಿ ಎರಡು ವಾರ ಊಟ ಬಡಿಸಿ ಬನ್ನಿ ಎಂದು ಕರೆಯುವ ಜಾಹೀರಾತುಗಳು ಈಗ ನಮ್ಮ ಸಣ್ಣ ಪಟ್ಟಣಗಳ ಮನೆಗಳನ್ನೂ ತಲುಪತೊಡಗಿವೆ. ವಿಮಾನದ ಟಿಕೆಟು ಬೇರೆ, ವೀಸಾದ ಖರ್ಚು ಬೇರೆ, ಅಲ್ಲಿನ ವಾಸ್ತವ್ಯ ಮತ್ತು ಮಾರ್ಗದರ್ಶನಕ್ಕೆಂದು ಪ್ರತ್ಯೇಕ ಶುಲ್ಕ. ಮರಳುವಾಗ ಕೈಯಲ್ಲೊಂದು ಪ್ರಮಾಣಪತ್ರ. ಕಾಲೇಜು ಮುಗಿಸಿದ ಮಗನೋ ಮಗಳೋ ಇಂತಹ ಕರಪತ್ರವನ್ನು ಮುಂದಿಟ್ಟು ಅನುಮತಿ ಕೇಳಿದಾಗ ತಂದೆ-ತಾಯಿಗೆ ಹೆಮ್ಮೆಯಾಗುವುದು ಸಹಜ. ಮೋಜು ಮಸ್ತಿಯ ವಯಸ್ಸಿನಲ್ಲಿ ಯತೀಮ್ ಮಕ್ಕಳಿಗೆ ಉಣಿಸಲು ಹೊರಟವರನ್ನು ತಡೆಯಲು ಯಾರಿಗೆ ತಾನೇ ಮನಸ್ಸು ಬಂದೀತು? ಯತೀಮರ ಆರೈಕೆಗೆ ಇಸ್ಲಾಮ್ ನೀಡಿರುವ ಸ್ಥಾನವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸುವ ಅಗತ್ಯವೂ ಇಲ್ಲ. ಆದರೆ ಅನುಮತಿ ಕೊಡುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ನಮ್ಮ ಮಗ ಅಲ್ಲಿಗೆ ತಲುಪುವ ಹಿಂದಿನ ದಿನ ಆ ಮಕ್ಕಳಿಗೆ ಬಡಿಸಿದವರು ಯಾರು? ಅವನು ವಿಮಾನವೇರಿದ ಮರುದಿನ ಬಡಿಸುವವರು ಯಾರು?

ಈ ಪ್ರಶ್ನೆಯ ಉತ್ತರಕ್ಕಾಗಿ ಆಫ್ರಿಕಾದ ದಕ್ಷಿಣದಲ್ಲಿರುವ ಎಸ್ವಾತಿನಿಯನ್ನು ನೋಡಬೇಕು. 2018ರವರೆಗೆ ಇದರ ಹೆಸರು ಸ್ವಾಝಿಲ್ಯಾಂಡ್ ಎಂದಿತ್ತು. ಸ್ವಾತಂತ್ರ್ಯದ ಐವತ್ತನೇ ವರ್ಷದ ಸಮಾರಂಭದಲ್ಲಿ ದೊರೆ ಮೂರನೇ ಮ್‌ಸ್ವಾತಿ ಹೆಸರನ್ನು ಬದಲಿಸಿದರು. ದಕ್ಷಿಣ ಆಫ್ರಿಕಾ ಮತ್ತು ಮೊಝಾಂಬಿಕ್‌ಗಳ ನಡುವೆ ಸಿಲುಕಿಕೊಂಡಿರುವ, ಸಮುದ್ರವೇ ಇಲ್ಲದ ಈ ದೇಶ ವಿಸ್ತೀರ್ಣದಲ್ಲಿ ನಮ್ಮ ಬೆಳಗಾವಿ ಜಿಲ್ಲೆಗಿಂತ ತುಸು ದೊಡ್ಡದು. ಜನಸಂಖ್ಯೆಯೋ 12 ಲಕ್ಷದ ಆಸುಪಾಸು. ಇಷ್ಟು ಪುಟ್ಟ ದೇಶವನ್ನು ಏಡ್ಸ್ ರೋಗವು ಜಗತ್ತಿನ ಬೇರಾವ ದೇಶಕ್ಕಿಂತಲೂ ಹೆಚ್ಚು ಕಾಡಿತು. 1999ರಲ್ಲಿ ದೊರೆ ಅದನ್ನು ರಾಷ್ಟ್ರೀಯ ವಿಪತ್ತೆಂದು ಘೋಷಿಸಿದರು. 2006-07ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದೊಳಗಿನವರಲ್ಲಿ ನೂರಕ್ಕೆ 26 ಮಂದಿಯ ರಕ್ತದಲ್ಲಿ ಎಚ್‌ಐವಿ ಪತ್ತೆಯಾಯಿತು. ಜನರ ಸರಾಸರಿ ಆಯುಷ್ಯ 40ರ ಆಸುಪಾಸಿಗೆ ಕುಸಿಯಿತು. ಸತ್ತವರು ಮುದುಕರಲ್ಲ. ಹೊಲ ಉಳುವ, ದಕ್ಷಿಣ ಆಫ್ರಿಕಾದ ಗಣಿಗಳಿಗೆ ದುಡಿಯಲು ಹೋಗುವ, ಹಾಲೂಡಿಸುವ ವಯಸ್ಸಿನವರು ಸತ್ತರು. ಅದೇ ಸಮೀಕ್ಷೆಯ ಪ್ರಕಾರ ದೇಶದ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅನಾಥರು ಅಥವಾ ಅನಾಥರಷ್ಟೇ ಅಸಹಾಯಕರು.

ಒಂದು ಹಳ್ಳಿಯ ಮೂರು ಮನೆಗಳಲ್ಲಿ ಒಂದರಲ್ಲಿ ಅಜ್ಜಿ ಮಾತ್ರ ಉಳಿದಿದ್ದಾಳೆ, ಇನ್ನೊಂದರಲ್ಲಿ ಹನ್ನೆರಡರ ಬಾಲಕಿಯೇ ತಮ್ಮ ತಂಗಿಯರಿಗೆ ತಾಯಿಯಾಗಿದ್ದಾಳೆ ಎಂದು ಊಹಿಸಿಕೊಳ್ಳಿ. ಅಲ್ಲಿ ಒಲೆ ಹಚ್ಚುವವರು ಯಾರು? ಆ ದೇಶ ಕಂಡುಕೊಂಡ ಉತ್ತರಕ್ಕೆ ‘ನೈಬರ್‌ಹುಡ್ ಕೇರ್ ಪಾಯಿಂಟ್’ ಎಂಬ ಸರಕಾರಿ ಹೆಸರಿದೆ. ನಾವಿದನ್ನು ನೆರೆಹೊರೆಯ ಆರೈಕೆ ಕೇಂದ್ರ ಎನ್ನಬಹುದು. ಯುನಿಸೆಫ್‌ನ ನೆರವಿನೊಂದಿಗೆ 2000ದ ದಶಕದ ಆರಂಭದಲ್ಲಿ ಇವು ಹುಟ್ಟಿಕೊಂಡವು. ಕೇಂದ್ರವೆಂದ ಕೂಡಲೇ ಕಟ್ಟಡವೊಂದನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಹಲವೆಡೆ ಅದು ಮರದ ನೆರಳಿನಲ್ಲೇ ಶುರುವಾಯಿತು. ಬಳಿಕ ಕೋಲು ಮತ್ತು ಮಣ್ಣಿನ ಗುಡಿಸಲು ಬಂತು. ದಾನಿಗಳು ಸಿಕ್ಕಿದಲ್ಲಿ ಸಿಮೆಂಟಿನ ಒಂದು ಕೋಣೆ, ತಗಡಿನ ಮಾಡು, ಪಕ್ಕದಲ್ಲಿ ಅಡುಗೆಮನೆ. ಇಂತಹ 1,500ಕ್ಕೂ ಹೆಚ್ಚು ಕೇಂದ್ರಗಳಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ತನ್ನ ಬೊಕ್ಕಸದಲ್ಲಿ ಹಣವಿದ್ದ ವರ್ಷಗಳಲ್ಲಿ 50 ಸಾವಿರಕ್ಕೂ ಹೆಚ್ಚು ಪುಟ್ಟ ಮಕ್ಕಳಿಗೆ ಆಹಾರ ಒದಗಿಸಿದೆ. ಅಂದರೆ ಒಂದು ಹಂಡೆಗೆ ಸರಾಸರಿ ಮೂವತ್ತರಷ್ಟು ಮಕ್ಕಳು.

ಆ ಹಂಡೆಯ ಬಗ್ಗೆಯೇ ಸ್ವಲ್ಪ ಹೇಳಬೇಕು. ಮೂರು ಕಾಲಿನ, ಎರಕದ ಕಬ್ಬಿಣದ, ಹೊರಮೈ ಮಸಿಯಿಂದ ಕಪ್ಪಾದ ಹಂಡೆ. ಕೆಳಗೆ ಬಯಲು ಒಲೆ. ಸೌದೆಯನ್ನು ಗುಡ್ಡದಿಂದ ತರಬೇಕು, ನೀರನ್ನು ಹೊಳೆಯಿಂದಲೋ ಬೋರ್‌ವೆಲ್‌ನಿಂದಲೋ ಹೊತ್ತು ತರಬೇಕು. ಒಣ ಪ್ರದೇಶವಾದ ಪೂರ್ವದ ಲುಬೊಂಬೊ ಭಾಗದಲ್ಲಿ ಈ ನೀರೇ ಅರ್ಧ ದಿನದ ಕೆಲಸ. ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿಗೆ ಹಾಕಿ ಉದ್ದನೆಯ ಮರದ ಕೋಲಿನಿಂದ ತಿರುವುತ್ತಾರೆ. ಗಟ್ಟಿಯಾದಾಗ ಅದು ಹೆಚ್ಚುಕಡಿಮೆ ನಮ್ಮ ರಾಗಿ ಮುದ್ದೆಯಂತೆಯೇ. ಬಣ್ಣ ಮಾತ್ರ ಬಿಳಿ. ಅಲ್ಲಿಯವರು ಅದನ್ನು ಲಿಪಾಲಿಶಿ ಎನ್ನುತ್ತಾರೆ. ಜೊತೆಗೆ ಬೇಯಿಸಿದ ಬೀನ್ಸ್ ಕಾಳು, ಒಂದಿಷ್ಟು ಎಣ್ಣೆ. ಕೇಂದ್ರದ ಹಿತ್ತಿಲಲ್ಲಿ ಆಡು ದನಗಳು ನುಗ್ಗದಂತೆ ಬೇಲಿ ಹಾಕಿ ಬೆಳೆಸಿದ ಸೊಪ್ಪಿದ್ದರೆ ಅದೂ ಸೇರುತ್ತದೆ. ಮಕ್ಕಳು ಮನೆಯಿಂದ ತಟ್ಟೆಯನ್ನೋ ಪ್ಲಾಸ್ಟಿಕ್ ಡಬ್ಬಿಯನ್ನೋ ಹಿಡಿದು ಬರುತ್ತಾರೆ. ಊಟಕ್ಕೆ ಮುಂಚೆ ಅಕ್ಷರಗಳ ಹಾಡು, ಎಣಿಕೆ. ನರ್ಸ್ ಬರುವ ದಿನ ಚುಚ್ಚುಮದ್ದು, ಜಂತುಹುಳದ ಮಾತ್ರೆ, ತೂಕ. ಶಾಲೆಗೆ ಹೋಗುವಷ್ಟು ದೊಡ್ಡವರಾಗದ ಮಕ್ಕಳೇ ಇಲ್ಲಿ ಹೆಚ್ಚು. ಮಧ್ಯಾಹ್ನ ಕಳೆದ ಮೇಲೆ ಎಲ್ಲರೂ ಮನೆಗೆ ಮರಳುತ್ತಾರೆ. ಈ ಕೊನೆಯ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದರ ಬಗ್ಗೆ ಮುಂದೆ ಹೇಳುವುದಿದೆ.

ಈ ಹಂಡೆಯ ಮುಂದೆ ನಿಲ್ಲುವವರು ಆ ಊರಿನ ಹೆಂಗಸರು. ಸಿಸ್ವಾತಿ ಭಾಷೆಯಲ್ಲಿ ಅವರನ್ನು ಬೊಮಾಕೆ ಎನ್ನುತ್ತಾರೆ, ಅಂದರೆ ತಾಯಂದಿರು. ಹಲವರು ಸ್ವತಃ ವಿಧವೆಯರು. ಹಲವರು ತಮ್ಮ ಸತ್ತ ಮಕ್ಕಳ ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರು. ಕೆಲವರು ಪ್ರತಿದಿನ ಎಚ್‌ಐವಿಯ ಮಾತ್ರೆ ನುಂಗಿಯೇ ಒಲೆಯ ಮುಂದೆ ಕೂರುವವರು. ಇವರಿಗೆ ಸಂಬಳವಿಲ್ಲ. ಕೆಲವೆಡೆ, ಕೆಲವು ಕಾಲ ಒಂದಿಷ್ಟು ಧಾನ್ಯವೋ ಸಣ್ಣ ಗೌರವಧನವೋ ಸಿಕ್ಕಿದ್ದಿದೆ, ನಿಂತದ್ದೂ ಇದೆ. ದಾಖಲೆಗಳಲ್ಲಿ ಇವರನ್ನು ಸ್ವಯಂಸೇವಕಿಯರು ಎಂದು ಬರೆಯಲಾಗುತ್ತದೆ. ವಿಪರ್ಯಾಸ ಇಲ್ಲೇ ಇದೆ. ವಿಮಾನವೇರಿ ಬಂದು ಎರಡು ವಾರ ಬಡಿಸಿ ಹೋಗುವ ಯುವಕನೂ ಸ್ವಯಂಸೇವಕ, ಹತ್ತು ವರ್ಷಗಳಿಂದ ಸೌದೆ ಹೊರುತ್ತಿರುವ ಅಜ್ಜಿಯೂ ಸ್ವಯಂಸೇವಕಿ. ಮೊದಲನೆಯವನಿಗೆ ಪ್ರಮಾಣಪತ್ರ ಸಿಗುತ್ತದೆ. ಎರಡನೆಯವಳಿಗೆ ಮೊಣಕಾಲು ನೋವು.

ಹೋಗುವವರ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ಹೃದಯದಲ್ಲಿ ಕರುಣೆಯಿಲ್ಲದವರು ಸ್ವಂತ ದುಡ್ಡು ಖರ್ಚು ಮಾಡಿ ಲುಬೊಂಬೊದ ಬಿಸಿಲಿಗೆ ಹೋಗುವುದಿಲ್ಲ. ಕಣ್ಣಾರೆ ನೋಡಿ ಬಂದವರು ಮುಂದೆ ವರ್ಷಗಟ್ಟಲೆ ದಾನಿಗಳಾಗಿ ಉಳಿಯುವುದೂ ಇದೆ. ಮುರಿದ ಬೋರ್‌ವೆಲ್ ದುರಸ್ತಿ ಮಾಡಬಲ್ಲ ಮೆಕ್ಯಾನಿಕ್, ಮಕ್ಕಳ ಪೌಷ್ಟಿಕತೆ ಅಳೆಯುವುದನ್ನು ಸ್ಥಳೀಯರಿಗೆ ಕಲಿಸಬಲ್ಲ ನರ್ಸ್, ಧಾನ್ಯದ ಲೆಕ್ಕಪುಸ್ತಕ ಸರಿಪಡಿಸಬಲ್ಲ ಗುಮಾಸ್ತ, ಇವರೆಲ್ಲ ಹೋದರೆ ಏನಾದರೂ ಉಳಿಸಿ ಬರುತ್ತಾರೆ. ಆದರೆ ಕರಪತ್ರಗಳು ಇಂತಹವರನ್ನು ಕರೆಯುತ್ತಿಲ್ಲ. ಯಾವ ಅರ್ಹತೆಯೂ ಬೇಡ, ಪ್ರೀತಿಯೊಂದಿದ್ದರೆ ಸಾಕು ಎಂಬುದೇ ಅವುಗಳ ಧಾಟಿ. ಭಾಷೆ ಬಾರದ, ಗಂಜಿ ತಿರುವಲು ಬಾರದ, ಆ ಊರಿನ ಒಬ್ಬರ ಹೆಸರೂ ಗೊತ್ತಿಲ್ಲದ ಯುವಕನ ಪ್ರೀತಿಯಿಂದ ಹಂಡೆ ತುಂಬುತ್ತದೆಯೇ? ಸೌಟು ಹಿಡಿಯಲು ಅಲ್ಲಿ ಕೈಗಳ ಕೊರತೆಯಿಲ್ಲ. ಕೊರತೆಯಿರುವುದು ಹಿಟ್ಟಿನದ್ದು.

ಇನ್ನು ಪ್ರೀತಿಯ ವಿಷಯ. 2010ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕಿ ಲಿಂಡಾ ರಿಕ್ಟರ್ ಮತ್ತು ಅವರ ಸಹೋದ್ಯೋಗಿ ಏಮಿ ನಾರ್ಮನ್ ಅವರು ಏಡ್ಸ್ ಅನಾಥರ ಪ್ರವಾಸೋದ್ಯಮದ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ಅನಾಥಾಲಯಗಳಲ್ಲಿರುವ ಎಳೆಯ ಮಕ್ಕಳಿಗೆ ಈ ಅಲ್ಪಾವಧಿಯ ಅತಿಥಿಗಳಿಂದಾಗುವ ಹಾನಿಯತ್ತ ಅವರು ಬೊಟ್ಟು ಮಾಡಿದರು. ತಾಯಿಯನ್ನು ಕಳಕೊಂಡ ಮಗು ಅಪರಿಚಿತರನ್ನೂ ಬೇಗನೆ ಹಚ್ಚಿಕೊಳ್ಳುತ್ತದೆ. ಹದಿನೈದು ದಿನ ಎತ್ತಿ ಆಡಿಸಿದವರು ಹದಿನಾರನೇ ದಿನ ಕಾಣೆಯಾಗುತ್ತಾರೆ. ಮುಂದಿನ ವಾರ ಹೊಸ ಮುಖ. ಹೀಗೆ ವರ್ಷಕ್ಕೆ ಹತ್ತಾರು ಸಲ ಕಳಕೊಳ್ಳುವುದನ್ನು ಆ ಮಗು ಅಭ್ಯಾಸ ಮಾಡಿಕೊಳ್ಳಬೇಕು. ಬಂದವನ ಕತ್ತಿಗೆ ಜೋತು ಬೀಳುವ ಮಗುವನ್ನು ಕಂಡು ಎಷ್ಟು ಪ್ರೀತಿ ನೋಡಿ ಎಂದು ನಾವು ಕಣ್ಣೀರು ಹಾಕುತ್ತೇವೆ. ನಮ್ಮ ಮನೆಯ ಮೂರು ವರ್ಷದ ಮಗು ಅಪರಿಚಿತರನ್ನು ಕಂಡಾಗ ತಾಯಿಯ ಸೆರಗಿನ ಹಿಂದೆ ಅಡಗುವುದಿಲ್ಲವೇ? ಅದಲ್ಲವೇ ಆರೋಗ್ಯದ ಲಕ್ಷಣ?

ಫೋಟೋಗಳ ಬಗ್ಗೆ ಹೆಚ್ಚು ಬರೆಯಲು ನಮಗೆ ಮನಸ್ಸಿಲ್ಲ. ಮದುವೆ ಮನೆಯಲ್ಲಿ ನಮ್ಮ ಹೆಣ್ಣುಮಕ್ಕಳ ಚಿತ್ರ ಯಾರೋ ತೆಗೆದರೆ ಜಗಳಕ್ಕೆ ನಿಲ್ಲುವ ನಾವು, ಅನ್ಯ ದೇಶದ ಮಗುವೊಂದು ಮೂಗು ಸುರಿಸುತ್ತಾ ಗಂಜಿ ತಿನ್ನುವ ಚಿತ್ರವನ್ನು ಅದರ ಅಜ್ಜಿಯನ್ನು ಕೇಳದೆಯೇ ಊರೆಲ್ಲ ಹಂಚುತ್ತೇವೆ. ಇಷ್ಟು ಸಾಕು.

ಈಗ ಆ ನೆನಪಿಡಬೇಕಾದ ವಾಕ್ಯಕ್ಕೆ ಬರೋಣ. ಎಸ್ವಾತಿನಿಯ ಕೇಂದ್ರದಿಂದ ಮಗು ಸಂಜೆಗೆ ಮುನ್ನ ಮನೆಗೆ ಮರಳುತ್ತದೆ. ಮನೆಯೆಂದರೆ ಅಜ್ಜಿಯ ಗುಡಿಸಲೇ ಇರಬಹುದು, ಚಿಕ್ಕಮ್ಮನ ಕೋಣೆಯ ಒಂದು ಮೂಲೆಯೇ ಇರಬಹುದು. ಆದರೆ ಅಲ್ಲಿ ಅದಕ್ಕೊಂದು ಹೆಸರಿದೆ, ವಂಶವಿದೆ, ನಾಳೆ ದೊಡ್ಡದಾದಾಗ ಉಳಲು ತಂದೆಯ ಹೊಲವಿದೆ. ಅನಾಥರೆಂದ ಕೂಡಲೇ ಅನಾಥಾಲಯ ಕಟ್ಟಬೇಕೆಂದು ಹೊರಡುವ ದಾನಿಗಳಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಕಾಂಬೋಡಿಯಾದಲ್ಲಿ ಏನಾಯಿತು ನೋಡಿ. ಅಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ಶೇಕಡಾ 75ರಷ್ಟು ಏರಿತು. ಅದು ಯುದ್ಧದ ಕಾಲವಲ್ಲ, ಕ್ಷಾಮದ ಕಾಲವೂ ಅಲ್ಲ. ಅಲ್ಲಿ ಹೆಚ್ಚಿದ್ದು ಪ್ರವಾಸಿಗರು. ಆ ಅನಾಥಾಲಯಗಳಲ್ಲಿದ್ದ ಮಕ್ಕಳ ಪೈಕಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂವರಿಗೆ ತಂದೆಯೋ ತಾಯಿಯೋ ಜೀವಂತವಾಗಿದ್ದರು. ನೋಡಲು, ಅಪ್ಪಿಕೊಳ್ಳಲು, ದಾನ ಕೊಡಲು ಅನಾಥರು ಬೇಕೆಂದು ಜನ ಬಂದಾಗ ಬಡವರ ಮಕ್ಕಳನ್ನು ಅನಾಥರನ್ನಾಗಿ ಮಾಡಿ ಕೂರಿಸಲಾಯಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯಗಳ ಪ್ರವಾಸೋದ್ಯಮ ಮತ್ತು ಅಲ್ಲಿನ ಸ್ವಯಂಸೇವೆಯಿಂದಾಗುವ ಹಾನಿಯನ್ನು ತಡೆಯಬೇಕೆಂದು ರಾಷ್ಟ್ರಗಳನ್ನು ಆಗ್ರಹಿಸಬೇಕಾಗಿ ಬಂದುದು ಇದೇ ಕಾರಣಕ್ಕೆ.

ನಮ್ಮ ಫಿಕ್‌ಹ್ ಪ್ರಕಾರ ಪ್ರಾಯಕ್ಕೆ ಬರುವ ಮುನ್ನ ತಂದೆಯನ್ನು ಕಳಕೊಂಡ ಮಗುವೇ ಯತೀಮ್. ತಾಯಿ ಬದುಕಿರಬಹುದು. ಯುನಿಸೆಫ್‌ನ ವ್ಯಾಖ್ಯಾನದಲ್ಲೂ ತಂದೆ ಅಥವಾ ತಾಯಿಯಲ್ಲಿ ಒಬ್ಬರನ್ನು ಕಳಕೊಂಡರೂ ಮಗು ಅನಾಥವೇ. ಅಂದಮೇಲೆ ಅನಾಥನೆಂಬ ಪದಕ್ಕೆ ಮನೆಯಿಲ್ಲದವನೆಂದು ಅರ್ಥ ಹಚ್ಚಿದ್ದು ಯಾರು? ಪ್ರವಾದಿ ಮುಹಮ್ಮದ್(ಸ) ಹುಟ್ಟುವ ಮೊದಲೇ ತಂದೆ ಅಬ್ದುಲ್ಲಾ ತೀರಿಕೊಂಡಿದ್ದರು. ಆರರ ಪ್ರಾಯದಲ್ಲಿ ತಾಯಿ ಆಮಿನಾ ಕೂಡ ಇಲ್ಲವಾದರು. ಆ ಯತೀಮ್ ಬಾಲಕ ಬೆಳೆದದ್ದು ಅಜ್ಜ ಅಬ್ದುಲ್ ಮುತ್ತಲಿಬರ ಮಡಿಲಿನಲ್ಲಿ, ಬಳಿಕ ತಂದೆಯ ಸಹೋದರ ಅಬೂತಾಲಿಬರ ಮನೆಯಲ್ಲಿ, ಅವರ ಮಕ್ಕಳ ಜೊತೆ ಒಂದೇ ಹರಿವಾಣದಲ್ಲಿ. ಸಾಕಿದವರು ಮಗುವಿನ ವಂಶದ ಹೆಸರನ್ನು ಅಳಿಸಕೂಡದು, ಅದರ ಆಸ್ತಿಯನ್ನು ತಮ್ಮದರೊಂದಿಗೆ ಬೆರೆಸಿ ನುಂಗಕೂಡದು ಎಂದು ಕುರ್‌ಆನ್ ವಿಧಿಸಿದ್ದು ಮಗು ಕುಟುಂಬವೊಂದರ ಒಳಗೆ ಬೆಳೆಯುತ್ತದೆ ಎಂಬ ನೆಲೆಯಲ್ಲೇ. ಈ ಏರ್ಪಾಟಿನ ಹೆಸರು ಕಫಾಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯು ಪರ್ಯಾಯ ಆರೈಕೆಯ ಮಾರ್ಗಗಳಲ್ಲಿ ಒಂದಾಗಿ ಕಫಾಲವನ್ನು ಹೆಸರಿಸಿಯೇ ಉಲ್ಲೇಖಿಸಿದೆ. ಜಗತ್ತು ತಡವಾಗಿ ಒಪ್ಪಿಕೊಂಡುದನ್ನು ನಾವು ಕಾಂಕ್ರೀಟ್ ಕಟ್ಟಡಗಳ ಮೋಹದಲ್ಲಿ ಮರೆಯುತ್ತಿದ್ದೇವೆಯೇ ಎಂಬುದನ್ನು ನಮ್ಮ ಜಮಾಅತ್‌ಗಳು ಯೋಚಿಸಲಿ.

ಸ್ವಾತಿ ಜನರಲ್ಲೂ ಇಂತಹ ತಿಳಿವು ಹಿಂದಿನಿಂದಲೇ ಇತ್ತು. ಇಂಡ್ಲುನ್‌ಖುಲು ಎಂಬುದು ಅಲ್ಲಿನ ಹಳೆಯ ಪದ್ಧತಿ. ಊರ ಮುಖ್ಯಸ್ಥನ ಹೊಲವೊಂದನ್ನು ಊರವರೆಲ್ಲ ಸೇರಿ ಉಳುತ್ತಾರೆ, ಬಿತ್ತುತ್ತಾರೆ. ಅದರ ಫಸಲು ದಿಕ್ಕಿಲ್ಲದವರಿಗೆ ಮೀಸಲು. ಮಾಸಿಹೋಗಿದ್ದ ಈ ಪದ್ಧತಿಗೆ ಏಡ್ಸ್‌ನ ವಿಪತ್ತಿನ ಕಾಲದಲ್ಲಿ ರಾಷ್ಟ್ರೀಯ ಏಡ್ಸ್ ಮಂಡಳಿಯು ಬೀಜ, ಗೊಬ್ಬರ ಕೊಟ್ಟು ಮತ್ತೆ ಜೀವ ತುಂಬಲು ನೋಡಿತು. ಊರಿಗೊಂದಿಷ್ಟು ಮಂದಿಯನ್ನು ಆರಿಸಿ ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಹೊಣೆ ವಹಿಸಲಾಯಿತು. ಅವರನ್ನು ಕರೆಯುವ ಸಿಸ್ವಾತಿ ಮಾತಿನ ಅರ್ಥ ‘ಅಳಲೊಂದು ಹೆಗಲು’ ಎಂದು. ಹೊರಗಿನಿಂದ ಬಂದವರು ಏನನ್ನೇ ಕಟ್ಟುವುದಿದ್ದರೂ ಇವುಗಳ ಮೇಲೆ ಕಟ್ಟಬೇಕಿತ್ತು. ಇವೆಲ್ಲ ಎಲ್ಲೆಡೆ ಯಶಸ್ವಿಯಾದವು ಎಂದು ನಾವು ಹೇಳುತ್ತಿಲ್ಲ. ಎಲ್ ನಿನೋದ ಬರ ಬಡಿದು 2016ರ ಫೆಬ್ರವರಿಯಲ್ಲಿ ಸರಕಾರ ರಾಷ್ಟ್ರೀಯ ವಿಪತ್ತು ಘೋಷಿಸಿದಾಗ ಊರಿನ ಸ್ವಂತ ಹೊಲಗಳೇ ಒಣಗಿರುವಾಗ ಅನಾಥರ ಹೊಲ ಹಸಿರಾಗಿರುವುದು ಸಾಧ್ಯವಿರಲಿಲ್ಲ.

ಇಷ್ಟಕ್ಕೂ ಆ ದೇಶದ ಅನಾಥರಿಗೆ ಭಾರತದಿಂದ ಸಂದ ಅತಿ ದೊಡ್ಡ ಸೇವೆ ಯಾವುದು? ಅದನ್ನು ಮಾಡಿದವರು ಸೌಟು ಹಿಡಿದಿರಲಿಲ್ಲ. ಏಡ್ಸ್‌ನ ಔಷಧಿಗೆ ಒಬ್ಬ ರೋಗಿಗೆ ವರ್ಷಕ್ಕೆ 10ರಿಂದ 15 ಸಾವಿರ ಡಾಲರ್ ಬೆಲೆಯಿದ್ದ ಕಾಲವದು. 2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಕಂಪೆನಿಯ ಯೂಸುಫ್ ಹಮೀದ್ ಅವರು ಮೂರು ಔಷಧಿಗಳ ಮಿಶ್ರಣವನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತಲೂ ಕಡಿಮೆಗೆ ಕೊಡುವುದಾಗಿ ಎಂಎಸ್‌ಎಫ್ ವೈದ್ಯರ ಸಂಸ್ಥೆಗೆ ತಿಳಿಸಿದರು. ಬೃಹತ್ ಕಂಪೆನಿಗಳು ಕೆರಳಿದವು. ಆದರೆ ದಾರಿ ತೆರೆದುಕೊಂಡಿತು. ಅಗ್ಗದ ಭಾರತೀಯ ಔಷಧಿಗಳು ಆಫ್ರಿಕಾದ ಆಸ್ಪತ್ರೆಗಳನ್ನು ತುಂಬಿದವು. ಸಾಯಬೇಕಾಗಿದ್ದ ತಾಯಂದಿರು ಬದುಕಿದರು, ಗರ್ಭದಲ್ಲಿದ್ದ ಮಗುವಿಗೆ ಸೋಂಕು ದಾಟುವುದು ತಗ್ಗಿತು. ಸೋಂಕಿತರಲ್ಲಿ ಶೇಕಡಾ 95 ಮಂದಿಗೆ ತಮ್ಮ ಸ್ಥಿತಿ ತಿಳಿದಿರಬೇಕು, ಅವರಲ್ಲಿ 95 ಮಂದಿಗೆ ಚಿಕಿತ್ಸೆ ಸಿಗಬೇಕು, ಚಿಕಿತ್ಸೆ ಪಡೆದವರಲ್ಲಿ 95 ಮಂದಿಯ ರಕ್ತದಲ್ಲಿ ವೈರಸ್ ಹತೋಟಿಗೆ ಬಂದಿರಬೇಕು ಎಂಬ ಜಾಗತಿಕ ಗುರಿಯನ್ನು ಎಸ್ವಾತಿನಿ 2020ರಲ್ಲೇ ಮುಟ್ಟಿತು. ಆಯುಷ್ಯ ಮತ್ತೆ ಏರಿತು. ಒಂದು ಮಗು ಅನಾಥವಾದ ಮೇಲೆ ಅದಕ್ಕೆ ಗಂಜಿ ಎರೆಯುವುದು ಪುಣ್ಯದ ಕೆಲಸವಾದರೆ ಅದು ಅನಾಥವೇ ಆಗದಂತೆ ತಡೆದುದಕ್ಕೆ ಯಾವ ಹೆಸರು ಕೊಡೋಣ? 2005ರಲ್ಲಿ ನಮ್ಮ ಪೇಟೆಂಟ್ ಕಾನೂನನ್ನು ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದಕ್ಕೆ ತಕ್ಕಂತೆ ಬದಲಿಸಿದಾಗ ಆಫ್ರಿಕಾದ ರೋಗಿಗಳು ಆತಂಕಗೊಂಡಿದ್ದರು. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಅನಾಥರಿಗೆ ಸಂಬಂಧಿಸಿದ ವಿಷಯವೆಂದು ಓದಿದ್ದೆವು?

ಗಳಿಸಿದ್ದು ಭದ್ರವಾಗಿಯೂ ಇಲ್ಲ. ಈ ಚಿಕಿತ್ಸೆಯ ದೊಡ್ಡ ಪಾಲನ್ನು 2003ರಲ್ಲಿ ಆರಂಭವಾದ ಅಮೆರಿಕದ ಏಡ್ಸ್ ನೆರವು ಯೋಜನೆ ಮತ್ತು ಗ್ಲೋಬಲ್ ಫಂಡ್ ಹೊತ್ತಿದ್ದವು. 2025ರ ಜನವರಿ 20ರಂದು ಅಧಿಕಾರಕ್ಕೆ ಬಂದ ದಿನವೇ ಟ್ರಂಪ್ ವಿದೇಶಿ ನೆರವನ್ನು 90 ದಿನಗಳ ಕಾಲ ತಡೆಹಿಡಿದರು. ಜುಲೈ ಒಂದರ ಹೊತ್ತಿಗೆ ಯುಎಸ್‌ಏಡ್ ಎಂಬ ಸಂಸ್ಥೆಯೇ ಮುಚ್ಚಿಹೋಯಿತು. ಅದೇ ಜುಲೈಯಲ್ಲಿ ಅಮೆರಿಕದ ವಿಮಾನವೊಂದು ಎಸ್ವಾತಿನಿಗೆ ಬಂದಿಳಿಯಿತು. ಅದರಲ್ಲಿದ್ದುದು ಹಿಟ್ಟಲ್ಲ, ಮಾತ್ರೆಗಳಲ್ಲ. ಅಮೆರಿಕ ಹೊರಹಾಕಿದ, ಎಸ್ವಾತಿನಿಗೆ ಯಾವ ರೀತಿಯಲ್ಲೂ ಸೇರದ ಬೇರೆ ಬೇರೆ ದೇಶಗಳ ಐವರು ಅಪರಾಧಿಗಳು. ಬಡ ದೇಶವೆಂದರೆ ಬೇಡವಾದುದನ್ನು ಸುರಿಯುವ ಜಾಗ ಎಂಬ ಧೋರಣೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಹಾಗೆಂದು ಎಲ್ಲವನ್ನೂ ವಾಷಿಂಗ್ಟನ್ನಿನ ತಲೆಗೆ ಕಟ್ಟುವುದೂ ಪ್ರಾಮಾಣಿಕತೆಯಲ್ಲ. 1973ರಲ್ಲಿ ಆಗಿನ ದೊರೆ ಸೊಭುಝಾ ರಾಜಕೀಯ ಪಕ್ಷಗಳನ್ನು ನಿಷೇಧಿಸಿದರು. ಆ ದೇಶದಲ್ಲಿ ಪಕ್ಷಗಳು ಚುನಾವಣೆಗೆ ನಿಲ್ಲುವಂತಿಲ್ಲ. 1986ರಲ್ಲಿ ಪಟ್ಟವೇರಿದ ಈಗಿನ ದೊರೆಯ ಅರಮನೆಗಳ, ಐಷಾರಾಮಿ ಕಾರುಗಳ ವಿಷಯ ಜಗತ್ತಿಗೆ ಗೊತ್ತಿದೆ. 2021ರಲ್ಲಿ ಪ್ರಜಾಪ್ರಭುತ್ವ ಕೇಳಿ ಬೀದಿಗಿಳಿದ ಯುವಕರ ಮೇಲೆ ಗುಂಡು ಹಾರಿತು, ಹತ್ತಾರು ಮಂದಿ ಸತ್ತರು. ಬೊಕ್ಕಸದ ಲೆಕ್ಕ ಕೇಳುವ ಹಕ್ಕು ಜನರಿಗಿಲ್ಲದ ಕಡೆ ಅನಾಥರ ಹಂಡೆಗೆ ಹಿಟ್ಟು ಹಾಕುವ ಹೊಣೆ ದಾನಿಗಳ ಮರ್ಜಿಗೆ ಬೀಳುತ್ತದೆ. ದಾನಿಗಳು ಕೈ ಬಿಗಿದ ತಿಂಗಳು ಹಂಡೆ ಬೋರಲು ಬೀಳುತ್ತದೆ. ಊಟ ನಿಂತಾಗ ಮಕ್ಕಳು ಬರುವುದು ನಿಲ್ಲುತ್ತದೆ. ಮಕ್ಕಳು ಬಾರದಾಗ ಅಕ್ಷರವೂ ಚುಚ್ಚುಮದ್ದೂ ತಪ್ಪುತ್ತವೆ. ಗೌರವಧನವಿಲ್ಲದ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕೂಲಿ ಹುಡುಕಿಕೊಂಡು ಹೋಗುತ್ತಾರೆ. ಕೇಂದ್ರದ ತಗಡಿನ ಮಾಡು ಮಾತ್ರ ದಾನಿಯ ಹೆಸರು ಹೊತ್ತು ನಿಂತಿರುತ್ತದೆ.

ಈ ಹೆಂಗಸರ ಕಥೆ ನಮಗೆ ಅಪರಿಚಿತವೇನಲ್ಲ. 2002ರಲ್ಲಿ ಅಕ್ಷರ ದಾಸೋಹ ಆರಂಭವಾದಂದಿನಿಂದ ನಮ್ಮ ಶಾಲೆಗಳಲ್ಲಿ ಬಿಸಿಯೂಟ ಬೇಯಿಸುವವರು, 1975ರಿಂದ ಅಂಗನವಾಡಿಗಳನ್ನು ನಡೆಸುತ್ತಿರುವವರು ಕೂಡ ಸರಕಾರದ ದೃಷ್ಟಿಯಲ್ಲಿ ನೌಕರರಲ್ಲ, ಗೌರವಧನದ ಕಾರ್ಯಕರ್ತೆಯರು. 2017ರ ಮಾರ್ಚ್‌ನಲ್ಲಿ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯಲ್ಲೇ ರಾತ್ರಿಗಳನ್ನು ಕಳೆದು ವೇತನ ಹೆಚ್ಚಳ ಕೇಳಿದ್ದನ್ನು ಓದುಗರು ಮರೆತಿರಲಾರರು. ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಮ್ ಕೋರ್ಟ್ ಹೇಳಲು 2022 ಬರಬೇಕಾಯಿತು. ಹೆಣ್ಣಿನ ದುಡಿಮೆಗೆ ಸೇವೆ ಎಂಬ ಚೆಂದದ ಹೆಸರಿಟ್ಟು ಕೂಲಿ ತಪ್ಪಿಸುವ ವಿದ್ಯೆ ಎಸ್ವಾತಿನಿಯಲ್ಲಿ ಹುಟ್ಟಿದ್ದಲ್ಲ.

ಹಾಗಾದರೆ ಕರಪತ್ರ ಹಿಡಿದು ನಿಂತ ಮಗನಿಗೆ ಏನು ಹೇಳಬೇಕು? ಹೋಗಬೇಡ ಎನ್ನುವುದು ನಮ್ಮ ಸಲಹೆಯಲ್ಲ. ಆ ಸಂಸ್ಥೆಗೆ ಮೊದಲು ಒಂದು ಪತ್ರ ಬರೆ ಎನ್ನಿ. ನಾನು ಕೊಡುವ ಶುಲ್ಕದಲ್ಲಿ ಹಿಟ್ಟು, ಕಾಳು, ಎಣ್ಣೆಗೆ ಹೋಗುವುದೆಷ್ಟು? ಅಡುಗೆ ಮಾಡುವ ಹೆಂಗಸರಿಗೆ ನೀವು ಏನಾದರೂ ಕೊಡುತ್ತೀರಾ? ಮಕ್ಕಳು ರಾತ್ರಿ ಎಲ್ಲಿ ಮಲಗುತ್ತಾರೆ, ಸಂಬಂಧಿಕರ ಮನೆಯಲ್ಲೋ ನಿಮ್ಮ ಕಟ್ಟಡದಲ್ಲೋ? ಅತಿಥಿಗಳು ಬಾರದ ತಿಂಗಳುಗಳಲ್ಲಿ ಕೇಂದ್ರ ತೆರೆದಿರುತ್ತದೆಯೇ? ಮಕ್ಕಳ ಬಳಿಗೆ ಬಿಡುವ ಮೊದಲು ನನ್ನ ನಡತೆಯ ಬಗ್ಗೆ ಪೊಲೀಸ್ ದೃಢೀಕರಣ ಯಾಕೆ ಕೇಳಲಿಲ್ಲ? ಕೊನೆಯ ಪ್ರಶ್ನೆ ಚುಚ್ಚಬಹುದು. ಆದರೆ ನಮ್ಮ ಮಗ ಒಳ್ಳೆಯವನೆಂದು ನಮಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಯಾರನ್ನೂ ಪ್ರಶ್ನಿಸದೆ ಮಕ್ಕಳ ನಡುವೆ ಬಿಡುವ ಸಂಸ್ಥೆ ನಾಳೆ ಕೆಟ್ಟವನನ್ನೂ ಹಾಗೆಯೇ ಬಿಡುತ್ತದೆ.

ಸರಿಯಾದ ಉತ್ತರ ಬಂದರೆ ಹೋಗಲಿ. ಕನಿಷ್ಠ ಕೆಲವು ತಿಂಗಳಾದರೂ ಇರುವಂತೆ ಹೋಗಲಿ, ಒಂದಷ್ಟು ಸಿಸ್ವಾತಿ ಕಲಿತು, ಕೈಯಲ್ಲೊಂದು ಕಸುಬು ಇಟ್ಟುಕೊಂಡು ಹೋಗಲಿ. ಅಲ್ಲಿ ಮಕ್ಕಳನ್ನು ಎತ್ತಿಕೊಳ್ಳುವ ಬದಲು ಆ ಬೊಮಾಕೆಯರ ಸೌದೆಯ ಹೊರೆಯನ್ನು ಎತ್ತಿಕೊಳ್ಳಲಿ, ಮುರಿದ ಬೇಲಿ ಕಟ್ಟಲಿ, ಏನು ಮಾಡಬೇಕೆಂದು ಅವರನ್ನೇ ಕೇಳಲಿ. ಉತ್ತರ ಬಾರದಿದ್ದರೆ ಟಿಕೆಟಿನ ದುಡ್ಡು ಉಳಿಯಿತು. ಇಬ್ಬರು ಹೋಗಿ ಬರುವ ವಿಮಾನದ ಖರ್ಚಿನಲ್ಲಿ ಎಷ್ಟು ಚೀಲ ಮೆಕ್ಕೆಜೋಳದ ಹಿಟ್ಟು ಬರುತ್ತದೆಂದು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಅಷ್ಟರೊಳಗೆ ನಮ್ಮದೇ ಬೀದಿಯಲ್ಲಿ ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬೀಡಿ ಸುರುಟುತ್ತಿರುವ ಹೆಂಗಸಿನ ಮನೆಯ ರೇಶನ್ ಕಾರ್ಡು, ವಿಧವಾ ವೇತನದ ಅರ್ಜಿ ಯಾವ ಕಚೇರಿಯ ಯಾವ ಮೇಜಿನಲ್ಲಿ ಕೂತಿದೆ ಎಂದು ಆ ಮಗ ಒಮ್ಮೆ ವಿಚಾರಿಸಿಕೊಂಡು ಬರಲಿ. ತಾಲೂಕು ಕಚೇರಿ ಸಂಜೆ ಐದೂವರೆಯವರೆಗೆ ತೆರೆದಿರುತ್ತದೆ.